ಸೆಜ್ವಾನ್ ಸಂಬಂಧ

ಹೆಣ್ಣು ನೋಡಲು ಬರುವವರಿಗೆ ಉಪ್ಪಿಟ್ಟು, ಕೇಸರಿಬಾತು ಸಾಕು ಎಂದಳು ನನ್ನ ಹೆಂಡತಿ ಚಂದ್ರಲೇಖಾ. ನಾನು ಕೇಳಬೇಕಲ್ಲ? ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ಮನುಷ್ಯ, ಬೀಗರಾಗಲಿರುವವರಿಗೆ ಉಪ್ಪಿಟ್ಟು ತಿನ್ನಿಸುವುದೇ? ಮತ್ತಿಗಿರಿಯ ನಮ್ಮ ಮನೆಯಲ್ಲಿ ಮಗಳು ಭೂಮಿಕಾಳನ್ನು ಅವರು ನೋಡಿದ್ದಾದ ಮೇಲೆ ಎಲ್ಲರನ್ನೂ ಹೊಸೂರಿನ ಚೈನೀಸ್ ಹೋಟೆಲಿಗೆ ದಿಬ್ಬಣದಂತೆ ಹೊರಡಿಸಿದೆ.

ಬಂದವರು ರಾಯಕೋಟೆಯ ಕೆಂಪರಾಜು, ಅವರ ಹೆಂಡತಿ ಭದ್ರಮ್ಮ, ಹುಡುಗ ಮೋಹನ್. ಇನ್ನೂ ಒಪ್ಪಿಗೆ ಹೇಳಿರಲಿಲ್ಲ. ಕೂತ ಕೂಡಲೇ ಕೆಂಪರಾಜು, ತಮಗೆ ಹೊಟ್ಟೆಯಲ್ಲಿ ಹುಣ್ಣು, ಖಾರ ಮಾತ್ರ ಬೇಡ ಎಂದು ವಿನಯದಿಂದ ಕೇಳಿಕೊಂಡರು.

ನಾನು ಮೆನು ಕಾರ್ಡನ್ನು ತಾಮ್ರಶಾಸನದಂತೆ ಎತ್ತಿ ಹಿಡಿದು ವ್ಯಾಖ್ಯಾನಕ್ಕೆ ಇಳಿದೆ. ಡ್ರೈ ಎಂದರೆ ಪಲ್ಯದ ಹಾಗೆ, ಗ್ರೇವಿ ಎಂದರೆ ಗೊಜ್ಜಿನ ಹಾಗೆ. (ಇಷ್ಟು ಸರಿಯಾಗಿತ್ತು.) ಹಾಟ್ ಅಂಡ್ ಸೋರ್ ಸೂಪ್ ಎಂದರೆ ಬಿಸಿಬಿಸಿ ಹುಳಿಸಾರು. ಸೆಜ್ವಾನ್ ಎಂಬುದು ಚೀನಾದ ತಂಪು ಸೀಮೆ, ಅಲ್ಲಿಯವರು ಖಾರವನ್ನು ಮೂಸಿಯೂ ನೋಡುವುದಿಲ್ಲ. (ಇದು ನನ್ನ ಸ್ವಂತ ಸಂಶೋಧನೆ.) ಭೂಮಿಕಾ "ಅಪ್ಪಾ" ಎಂದು ಪಿಸುಗುಟ್ಟಿದಳು. ಕಣ್ಣಲ್ಲೇ ಗದರಿದೆ. ಸಪ್ಲೈಯರ್ ತಮಿಳಿನಲ್ಲಿ, ಸ್ಪೈಸಿ ಇರಲೇ ಎಂದು ಕೇಳಿದ. ನನ್ನ ಕಿವಿಗೆ ಅದು ಸ್ಪೆಷಲ್ ಎಂದು ಬಿತ್ತು. ಎಕ್ಸ್‌ಟ್ರಾ ಸ್ಪೆಷಲ್ಲೇ ಇರಲಿ ಎಂದೆ.

ಕೆಂಪರಾಜು ಒಂದು ಚಮಚ ಸೂಪು ಕುಡಿದು ಕಣ್ಣು ಮುಚ್ಚಿಕೊಂಡರು. ಆಮೇಲೆ ಸೆಜ್ವಾನ್ ರೈಸಿನ ಕೆಂಪು ನೋಡಿ ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿದರು.

"ವಸಿ ಖಾರ ಅನ್ನಿಸ್ತದೆ."

"ಬರೀ ಬಣ್ಣ ಅಷ್ಟೇ ಸಾರ್," ಎಂದೆ.

"ಹಂಗಾದ್ರೆ ನೀವೇ ತಿಂದು ತೋರ್ಸ್ರೀ," ಎಂದಳು ನನ್ನ ಧರ್ಮಪತ್ನಿ.

ಮರ್ಯಾದೆಯ ಪ್ರಶ್ನೆ. ಅವರ ತಟ್ಟೆ, ನನ್ನ ತಟ್ಟೆ, ಎರಡು ಬಟ್ಟಲು ಸೂಪು, ಎಲ್ಲವನ್ನೂ ಮುಗಿಸಿದೆ. ಮೊದಲು ನಾಲಿಗೆ ಹೋಯಿತು, ಆಮೇಲೆ ಕಿವಿ. ಕೆಲವರಪಲ್ಲಿ ಅಣೆಕಟ್ಟಿನ ಗೇಟು ತೆಗೆದ ಹಾಗೆ ಕಣ್ಣಲ್ಲಿ ನೀರು. ಬಾಯಿ ತೆರೆದರೆ ಬರೀ ಬಿಕ್ಕಳಿಕೆ. ಕೈಯನ್ನು ಮಗಳ ಕಡೆ ಚಾಚಿದೆ. (ನೀರಿನ ಬಾಟಲಿ ಅವಳ ಹತ್ತಿರ ಇತ್ತು.)

ಅದನ್ನು ನೋಡಿ ಭದ್ರಮ್ಮನ ಕಣ್ಣೂ ತುಂಬಿ ಬಂತು.

"ಅಳಬ್ಯಾಡಿ ಬೀಗರೇ. ಮಗಳ್ನ ಕಳಿಸಕ್ಕೆ ಇಷ್ಟು ಸಂಕ್ಟಪಡೋ ಅಪ್ಪನ್ನ ನಾ ಎಲ್ಲೂ ಕಂಡಿಲ್ಲ. ನಮಗೆ ಒಪ್ಗೆ. ನೀವ್ಯಾಕೆ ಅವಳ್ನ ಬುಟ್ಟಿರ್ಬೇಕು? ಮೋಹನ್‌ಗೂ ಇಲ್ಲೇ ಫ್ಯಾಕ್ಟ್ರೀಲಿ ಕೆಲ್ಸ. ಮದ್ವೆ ಆದ್ಮ್ಯಾಕೆ ಇಬ್ರೂ ನಿಮ್ಮನೇಲೇ ಇರ್ಲಿ ಬುಡಿ."

ಬೇಡ ಬೇಡ ಎಂದು ಜೋರಾಗಿ ತಲೆಯಾಡಿಸಿದೆ. ಆನಂದ ತಡೆಯಲಾಗುತ್ತಿಲ್ಲ ಪಾಪ ಎಂದು ಕೆಂಪರಾಜು ನನ್ನ ಬೆನ್ನು ಸವರಿದರು. ಚಂದ್ರಲೇಖಾ ಅಷ್ಟರಲ್ಲಿ ಒಪ್ಪಿಯೂ ಆಗಿತ್ತು.

ಮದುವೆ ಸಾಂಗವಾಗಿ ನೆರವೇರಿತು. ನಮ್ಮ ದೊಡ್ಡ ಕೋಣೆ ಮಗಳು, ಅಳಿಯನ ಪಾಲಾಯಿತು. ಮಗಳ ಕೋಣೆಯ ಒಂಟಿ ಮಂಚ ಹೆಂಡತಿಗೆ. ನನಗೆ ನಡುಮನೆಯಲ್ಲಿ ಬಚ್ಚಲಮನೆಯ ದಾರಿಯಲ್ಲೇ ಚಾಪೆ. ಅಳಿಯ ಬಹಳ ಮರ್ಯಾದಸ್ಥ, ಸುಮ್ಮನೆ ಹೇಳಬಾರದು. ಬೆಳಗಿನ ಶಿಫ್ಟಿಗೆ ಏಳುವಾಗ ಒಂದು ದಿನವೂ ನನ್ನನ್ನು ತುಳಿದಿಲ್ಲ, ದಾಟಿಕೊಂಡೇ ಹೋಗುತ್ತಾನೆ.