ಕಾಲು ಇಂಚಿನ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಕಾಲು ಇಂಚಿಗಾಗಿ ಮೂರು ವರ್ಷ ಕಾರು ಓಡಿಸದೆ ಕೂತವರು! ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಉತ್ಪ್ರೇಕ್ಷೆ ಅವರ ಇಲಾಖೆ. ನಾನು ಕಂಡದ್ದನ್ನು ಕಂಡ ಕ್ರಮದಲ್ಲಿ ಹೇಳುವವನು.

ಸೈನ್ಯದ ವರ್ಕ್‌ಶಾಪಿನಲ್ಲಿ ಟ್ಯಾಂಕುಗಳ ರಿಪೇರಿ ನೋಡಿಕೊಂಡಿದ್ದು, ನಿವೃತ್ತರಾಗಿ ನೋಯ್ಡಾದ ಫ್ಲ್ಯಾಟೊಂದರಲ್ಲಿ ನೆಲೆಸಿದ್ದರು. ನಿವೃತ್ತರಾದವರು ಕುಂಡದಲ್ಲಿ ತುಳಸಿ ಬೆಳೆಸುತ್ತಾರೆ, ಭಜನೆಗೆ ಹೋಗುತ್ತಾರೆ. ಇವರು ದೇಶ ಬಿಟ್ಟು ಹೊರಟಿದ್ದ ವಿದೇಶಿ ಅಧಿಕಾರಿಯೊಬ್ಬನಿಂದ ಹಳೆಯ ಅಮೆರಿಕನ್ ಕಾರು ಕೊಂಡರು. ಎರಡೇ ಬಾಗಿಲು, ಎಂಟು ಸಿಲಿಂಡರು, ಏಳು ಲೀಟರಿನ ಇಂಜಿನ್. ಬಾನೆಟ್ಟಿನ ಮೇಲೆ ಒಂದು ಸಂಸಾರ ಮಲಗಬಹುದು. ಹಿಂದಿನ ಸೀಟಿನಲ್ಲಿ ಮಾತ್ರ ಬೆಕ್ಕು ಕೂರುವುದೂ ಕಷ್ಟ. ಆ ಸೀಟಿನಲ್ಲಿ ನಾನು ಕೂತಿದ್ದೇನೆ. ಒಂದೇ ಸಲ.

ಆಗ ಎಕ್ಸ್‌ಪ್ರೆಸ್‌ವೇ ಹೊಸತು. ಚಿಕ್ಕಮ್ಮ ಮುಂದೆ ಕೂತು ಮಡಿಲಲ್ಲಿ ಚಕ್ಕುಲಿಯ ಡಬ್ಬ ತೆರೆದಿದ್ದರು. "ಈಗ ನೋಡು" ಎಂದು ಚಿಕ್ಕಪ್ಪ ಕಾಲು ಒತ್ತಿದರು. ಮೊದಲು ಚಕ್ಕುಲಿ ನನ್ನ ಮುಖಕ್ಕೆ ಬಂತು, ಆಮೇಲೆ ಡಬ್ಬ, ಕೊನೆಗೆ ಚಿಕ್ಕಮ್ಮನ ಕೂಗು. ಅದರ ಬೆನ್ನಿಗೇ ಬಾಂಬು ಸಿಡಿದಂಥ ಸದ್ದು. ಇಂಜಿನ್ನಿನ ಹೊಗೆಯನ್ನು ಹೊರಗೆ ತರುವ ಎರಕದ ಭಾಗ ಸೀಳಿಹೋಗಿತ್ತು. ನಾನು ಮುಖದ ಚಕ್ಕುಲಿಪುಡಿ ಒರೆಸಿಕೊಳ್ಳುವಷ್ಟರಲ್ಲಿ ಚಿಕ್ಕಮ್ಮ ಇಳಿದು, ಸೆರಗು ಸರಿಮಾಡಿಕೊಂಡು, ಹಿಂದಿನಿಂದ ಬಂದ ಹಾಲಿನ ಟೆಂಪೋಗೆ ಕೈ ಅಡ್ಡ ಹಿಡಿದಿದ್ದರು.

"ಇನ್ನು ಈ ಗಾಡಿಗೆ ನನ್ನ ಹೆಣಾನೂ ಹತ್ತಲ್ಲ!"

ಸೀಳಿದ್ದರ ಬದಲಿಗೆ ಹೊಸ ಕೊಳವೆಗಳನ್ನು ಮಾಡಿಸಬೇಕಿತ್ತು. ಸಿಲಿಂಡರಿಗೊಂದರಂತೆ ಎಂಟು; ಈ ಕಡೆ ನಾಲ್ಕು, ಆ ಕಡೆ ನಾಲ್ಕು. ಮೆಕ್ಯಾನಿಕ್ಕುಗಳ ಮಾತಿನಲ್ಲಿ ಹೆಡರ್. ಕೊಳವೆಯ ಅಗಲ ಎಷ್ಟಿರಬೇಕು? ಒಂದೂಮುಕ್ಕಾಲು ಇಂಚೋ, ಎರಡು ಇಂಚೋ? ಕಿರಿದಾದರೆ ಹೊಗೆ ರಭಸದಿಂದ ಹೊರಟು ಗಾಡಿ ನಿಧಾನದಲ್ಲೂ ಮೆತ್ತಗೆ ಎಳೆಯುತ್ತದೆ, ವೇಗ ಏರಿದರೆ ಉಸಿರುಕಟ್ಟುತ್ತದೆ. ಅಗಲವಾದರೆ ವೇಗದಲ್ಲಿ ಹುಲಿ, ನಿಧಾನದಲ್ಲಿ ಮೊಂಡು ಕತ್ತೆ. ಇದು ಚಿಕ್ಕಪ್ಪನ ವಿವರಣೆ. ಅವರ ಒಲವು ಹುಲಿಯ ಕಡೆಗೆ. ಟ್ರಾಫಿಕ್ಕಿನಲ್ಲಿ ಬಸ್ಸಿನ ಬಾಲ ಹಿಡಿದುಕೊಂಡು ದಿಲ್ಲಿಯ ಸರೋಜಿನಿ ನಗರದ ಮಾರ್ಕೆಟ್ಟಿಗೆ ಪರದೆ ಬಟ್ಟೆ ತರಲು ಹೋಗುವವರಿಗೆ ಹುಲಿ ಯಾಕೆ? ಕೇಳುವ ಧೈರ್ಯ ಯಾರಿಗಿತ್ತು!

ಲಕ್ಷ್ಮೀ ನಗರದ ನನ್ನ ಬಾಡಿಗೆ ಕೋಣೆಯಲ್ಲಿ ಅಕ್ಕಿರೊಟ್ಟಿ ಸಿಗುತ್ತಿರಲಿಲ್ಲ. ಹಾಗಾಗಿ ಭಾನುವಾರ ಅವರ ಮನೆಗೆ ಹೋಗುತ್ತಿದ್ದೆ. ಹೋದವರಿಗೆಲ್ಲ ಮೊದಲು ಪರೀಕ್ಷೆ, ಆಮೇಲೆ ರೊಟ್ಟಿ. ಒಲೆ ಊದುವ ಊದುಗೊಳವೆಯೊಂದನ್ನು ಊರಿಂದ ತರಿಸಿದ್ದರು. ಅದರ ಪಕ್ಕದಲ್ಲಿ ಅದಕ್ಕಿಂತ ಅಗಲದ ಒಂದು ನಲ್ಲಿಯ ಪೈಪು. ತಟ್ಟೆಯಲ್ಲಿ ರವೆ ಹರಡಿ, "ಎರಡರಲ್ಲೂ ಊದು. ವ್ಯತ್ಯಾಸ ಹೇಳು" ಎನ್ನುತ್ತಿದ್ದರು. ಒಮ್ಮೆ ನನ್ನ ಜೊತೆ ಬಂದಿದ್ದ ಆಫೀಸಿನ ಗೆಳೆಯ, ಮೊದಲ ಭೇಟಿಯಲ್ಲೇ ಒಳ್ಳೆಯ ಹೆಸರು ಪಡೆಯಲೆಂದು, ಶಕ್ತಿಯನ್ನೆಲ್ಲ ಒಗ್ಗೂಡಿಸಿ ಊದಿದ. ರವೆ ಟೀವಿಯ ಮೇಲೆ, ದೇವರ ಮೇಲೆ, ಚಿಕ್ಕಪ್ಪನ ಮೀಸೆಯ ಮೇಲೆ!

ಚಿಕ್ಕಮ್ಮ ಅಡುಗೆಮನೆಯಿಂದಲೇ ಹೇಳಿದರು: "ಗುಡಿಸಿ ಕೊಡಿ. ಇವತ್ತು ಅದರದ್ದೇ ಉಪ್ಪಿಟ್ಟು. ಎಂಜಲು ನಿಮ್ಮದೇ, ನೀವೇ ತಿನ್ನಿ."

ಕಾರು ಮಾತ್ರ ಹೊದಿಕೆ ಹೊದ್ದುಕೊಂಡು ನಿಂತೇ ಇತ್ತು. ಮಾಯಾಪುರಿಯ ವೆಲ್ಡಿಂಗ್ ಅಂಗಡಿಯವನಿಗೆ ಚಿಕ್ಕಪ್ಪ ಬೆಳಿಗ್ಗೆ "ಎರಡು ಇಂಚು" ಎಂದು ಫೋನು ಮಾಡುವರು, ಮಧ್ಯಾಹ್ನ "ತಡಿ" ಎನ್ನುವರು. ಅವನು ಕೊನೆಗೆ, "ಅಂಕಲ್‌ಜೀ, ನನ್ನ ಮಗಳಿಗೂ ಇಷ್ಟು ಗಂಡು ನೋಡಲಿಲ್ಲ" ಎಂದನಂತೆ. ಇದು ಕೇಳಿದ ಮಾತು, ಆಣೆ ಮಾಡಲಾರೆ.

ಆಮೇಲೆ ಸೊಸೈಟಿಯ ಸೆಕ್ರೆಟರಿ ಬಂದರು. "ಕರ್ನಲ್ ಸಾಬ್, ಯೇ ಗಾಡಿ ಹೈ ಯಾ ಮಕಾನ್?"

"ಗಾಡಿ," ಎಂದರು ಚಿಕ್ಕಪ್ಪ.

"ಮನೆಯಲ್ಲ, ಗಾಡಿಯೇ ಅಂದಮೇಲೆ ಓಡಬೇಕಲ್ಲ?" ದಸರೆಯ ದಿನ ಅದು ಸ್ವಂತ ಬಲದಿಂದ ಗೇಟು ದಾಟಿ ವಾಪಸು ಬರಬೇಕು, ಇಲ್ಲವಾದರೆ ಕ್ರೇನು, ನೇರ ಗುಜರಿ ಎಂದು ಷರತ್ತು ಹಾಕಿ ಹೋದರು. ಚಿಕ್ಕಪ್ಪ ಅವತ್ತು ಊಟದ ಕೊನೆಗೆ ಮೊಸರು ಕೇಳಲಿಲ್ಲ. ನಮ್ಮ ಮನೆತನದಲ್ಲಿ ಇದಕ್ಕಿಂತ ದೊಡ್ಡ ಶೋಕಾಚರಣೆ ಇಲ್ಲ.

ಅಂತೂ ಆಯುಧಪೂಜೆಯ ಹೊತ್ತಿಗೆ ಹೆಡರ್ ಬಂದು ಕೂತಿತು. ಎಷ್ಟು ಇಂಚಿನದೆಂದು ಯಾರೂ ಕೇಳಲಿಲ್ಲ. ಕೇಳಿದರೆ ಮತ್ತೆ ಬಿಚ್ಚಿಯಾರು ಎಂಬ ಭಯ! ಸೈಲೆನ್ಸರು ಜೋಡಿಸಲು ಸಮಯ ಸಿಗಲಿಲ್ಲ. ನಾಲ್ಕು ನಾಲ್ಕು ಕೊಳವೆಗಳು ಕೂಡುವ ಬಾಯಿ ಎರಡೂ ಬಾಗಿಲುಗಳ ಕೆಳಗೆ ತೆರೆದೇ ಇತ್ತು. ಚಿಕ್ಕಮ್ಮ ಗೊಣಗುತ್ತಲೇ ಬಂದು ಅರಿಶಿನ ಕುಂಕುಮ ಹಚ್ಚಿದರು. "ಹೂದಾನಿ ಇದ್ದ ಹಾಗಿದೆ" ಎಂದು ಎರಡೂ ಬಾಯಿಗೆ ಚೆಂಡುಹೂವು ತುರುಕಿದರು. ಪೂಜೆಗೆ ಏರಿಸಿದ ಹೂವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಮರುದಿನ ಯಾರಿಗೂ ನೆನಪಿರಲಿಲ್ಲ.

ದಸರೆಯ ಬೆಳಿಗ್ಗೆ ಸೆಕ್ರೆಟರಿ ಬಿಳಿ ಕುರ್ತಾ ತೊಟ್ಟು ಬಾಗಿಲ ಪಕ್ಕದಲ್ಲೇ ನಿಂತರು. ಕ್ರೇನು ಗೇಟಿನ ಹೊರಗೆ ಕಾದಿತ್ತು. ಚಿಕ್ಕಪ್ಪ ಚಾವಿ ತಿರುಗಿಸಿದರು. ಢಾಂ! ಪಾರಿವಾಳಗಳು ಎದ್ದವು, ಮಕ್ಕಳು ಅತ್ತವು, ಮತ್ತು ಒಂದು ಸೇರು ಚೆಂಡುಹೂವು ಮಸಿಸಮೇತ ಸೆಕ್ರೆಟರಿಯ ಮೇಲೆ ಬಿತ್ತು.

ಅವರು ಕಿವಿ ಮುಚ್ಚಿಕೊಂಡೇ ಕೇಳಿದರು: "ಇದು ನಿಮ್ಮ ಕಡೆಯ ಪದ್ಧತಿಯಾ?"

"ಹೌದು. ಮೈಸೂರಿನಲ್ಲಿ ಇವತ್ತು ತೋಪು ಹಾರಿಸ್ತಾರೆ," ಎಂದು ಚಿಕ್ಕಪ್ಪ ರೆಪ್ಪೆ ಮಿಟುಕಿಸದೆ ಕೂಗಿದರು.

"ಸದ್ದಾಯಿತು. ಗಾಡಿ ಕದಲುವುದು ಯಾವಾಗ?" ಸೆಕ್ರೆಟರಿ ಕ್ರೇನಿನ ಕಡೆ ಕೈ ಎತ್ತಿದರು.

ಚಿಕ್ಕಪ್ಪ ಯಾಕೋ ಕದಲಿಸಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಪಕ್ಕದ ಖಾಲಿ ಸೀಟನ್ನು ನೋಡುತ್ತಿದ್ದರು. ಆಗ ಮೆಟ್ಟಿಲ ಮೇಲೆ ನಿಂತಿದ್ದ ಚಿಕ್ಕಮ್ಮ ಬಿರಬಿರನೆ ಬಂದು ಆ ಬಾಗಿಲು ತೆಗೆದು ಕೂತರು.

"ಭಾಯ್ ಸಾಬ್, ಈ ಗಾಡೀನ ಬೈಯೋಕೆ ಮನೇಲಿ ನಾನಿದ್ದೀನಿ. ನೀವು ಗೇಟು ತೆಗೆಸಿ," ಎಂದು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ಹೇಳಿ, ಗಂಡನ ಕಡೆ ತಿರುಗಿದರು. "ಇಪ್ಪತ್ತು ದಾಟಿದ್ರೆ ಇಳೀತೀನಿ."

ಗಾಡಿ ಹೊರಟಿತು. ಜಗ್ಗಲಿಲ್ಲ, ಮುಗ್ಗರಿಸಲಿಲ್ಲ. ತುಂಬಿದ ಕೊಡ ಹೊತ್ತವಳ ಹಾಗೆ ಹೋಯಿತು. ನಾನು ಪಕ್ಕದಲ್ಲೇ ನಡೆಯುತ್ತ ಕಿಟಕಿಗೆ ಬಾಯಿಟ್ಟು ಕೂಗಿದೆ: "ಚಿಕ್ಕಪ್ಪಾ, ಎರಡು ಇಂಚಾದರೆ ಕತ್ತೆ ಅಂದಿದ್ರಲ್ಲ?"

"ಒಂದೂಮುಕ್ಕಾಲು ಕಣೋ!" ಅವರೂ ಕೂಗಿದರು. "ಎರಡು ಇಂಚು ಒಬ್ಬನೇ ಹೋಗೋನಿಗೆ!"

ಆ ಸದ್ದಿನಲ್ಲಿ ಚಿಕ್ಕಮ್ಮನಿಗೆ ಇದು ಕೇಳಿಸಿತೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಅವರು ಮೊಣಕೈಯನ್ನು ಕಿಟಕಿಯ ಮೇಲೆ ಇಟ್ಟದ್ದನ್ನು ಕಂಡೆ. ಗೇಟಿನಾಚೆ ಹೋಗಿ ತಿರುಗಿ ಬರಬೇಕೆಂಬುದಷ್ಟೇ ಷರತ್ತು. ಗಾಡಿ ತಿರುಗಲಿಲ್ಲ. ನೆರಳಿದ್ದ ರಸ್ತೆ ಹಿಡಿದು ಇಬ್ಬರೂ ಹೋಗುತ್ತಲೇ ಇದ್ದರು. ಹಿಂದಿನಿಂದ ಸೈಕಲ್ ರಿಕ್ಷಾದವನೊಬ್ಬ ಗಂಟೆ ಬಾರಿಸಿ ಬಾರಿಸಿ ದಾರಿ ಬಿಡಿ ಎನ್ನುತ್ತಿದ್ದ.