ಏರಿನಲ್ಲಿ ನಿಂತ ವೈಪರು

ಅನ್ಯಾಯವನ್ನು ಕಂಡಲ್ಲಿ ಹೆಸರಿಟ್ಟು ಖಂಡಿಸಬೇಕೆಂದು ನನ್ನ ಗುರುಗಳು ಕಲಿಸಿದ್ದರು. ಕಂಡದ್ದು ಅನ್ಯಾಯವೋ ಯಂತ್ರದ ದೋಷವೋ ಎಂದು ಗುರುತಿಸುವ ಉಪಾಯವನ್ನು ಮಾತ್ರ ಅವರು ಕಲಿಸಲಿಲ್ಲ. ಆದ್ದರಿಂದ ಹಳೆಯ ಮೋಟಾರೊಂದನ್ನು ಕೊಂಡು ಪುಣೆಯ ಮಳೆಗಾಲಕ್ಕೆ ಇಳಿದ ಮೇಲೆ, ಮುಂದಿನ ಗಾಜನ್ನು ಒರೆಸುವ ವೈಪರು ಕೈಕೊಟ್ಟಾಗಲೆಲ್ಲ ನಾನು ಮೊದಲು ಹುಡುಕಿದ್ದು ತಪ್ಪಿತಸ್ಥನನ್ನು, ತಪ್ಪನ್ನಲ್ಲ.

ಆ ವೈಪರು ನಮ್ಮ ವಾಡೆಯ ಅಂಗಳದಲ್ಲಿ ಪರೀಕ್ಷಕರ ಮುಂದೆ ನಿಂತ ವಿದ್ಯಾರ್ಥಿಯಂತೆ ಚುರುಕಾಗಿ ಆಡುತ್ತಿತ್ತು. ರಸ್ತೆಯ ಏರು ಕಂಡೊಡನೆ ಗಾಜಿನ ನಡುವೆ ನಿಂತುಬಿಡುತ್ತಿತ್ತು. ರಬ್ಬರಿನ ಪಟ್ಟಿಯನ್ನು ಬದಲಿಸಿದೆ. ಕೀಲಿಗೆ ಎಣ್ಣೆ ಬಿಟ್ಟೆ. ಊರಿನ ಕ್ಯಾಂಪ್ ಭಾಗದ ಗ್ಯಾರೇಜಿಗೆ ಒಯ್ದರೆ ಅಲ್ಲಿಯ ನೆಲ ಸಪಾಟು. ವೈಪರು ಸೊಗಸಾಗಿ ಆಡಿತು, ಮೇಸ್ತ್ರಿ ನನ್ನ ಮುಖವನ್ನು ನೋಡಿದ. ಕೊನೆಗೆ, ನಮ್ಮನ್ನಾಳುವ ದೇಶದ ಕಾರಖಾನೆಗಳು ನಮಗೆ ಕಳಪೆ ಮಾಲನ್ನೇ ಸಾಗಿಸುತ್ತವೆಂಬ ನಿರ್ಣಯಕ್ಕೆ ಬಂದು ಅದನ್ನು ಊಟದ ಹೊತ್ತಿನಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದೆ. ನನ್ನ ಹೆಂಡತಿ ಸುಂದರಾ ಸಾರು ಬಡಿಸುತ್ತ, "ಹೌದ್ರಿ, ಮೊನ್ನೆ ಹಾಲು ಒಡೆದಾಗೂ ಸರಕಾರದ್ದ ತಪ್ಪು ಅಂದಿದ್ರಿ. ಆಮ್ಯಾಲೆ ನೋಡಿದ್ರ ಪಾತೇಲಿನ ನೆಟ್ಟಗ ತೊಳದಿದ್ದಿಲ್ಲ," ಎಂದಳು. ಸ್ತ್ರೀಪುರುಷ ಸಮಾನತೆಯ ತತ್ತ್ವಕ್ಕೆ ಅನುಸಾರವಾಗಿ ಆ ಪಾತೇಲಿಯನ್ನು ತೊಳೆಯುವ ಪಾಳಿ ನನ್ನದಾಗಿತ್ತು.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. ಚಾತುರ್ಮಾಸದಲ್ಲಿ ನಮ್ಮ ಮನೆಯೊಳಗೆ ಉಳ್ಳಾಗಡ್ಡಿ ಬರುವಂತಿಲ್ಲ. ಈ ನಿಷೇಧಕ್ಕೆ ಯಾವ ಆಧಾರವೂ ಇಲ್ಲವೆಂದು ನಾನು ಹಲವು ಸಭೆಗಳಲ್ಲಿ ಮಾತನಾಡಿದ್ದೇನೆ. ಸುಂದರಾಳ ಮುಂದೆ ಮಾತನಾಡಿಲ್ಲ. ಬದಲಾಗಿ ಮೋಟಾರಿನ ಹತ್ಯಾರದ ಪೆಟ್ಟಿಗೆಯಲ್ಲಿ, ನಟ್ಟು ತಿರುಗಿಸುವ ಪಾನಾಗಳ ನಡುವೆ, ಕೆಲವು ಗಡ್ಡಿಗಳನ್ನು ಬಚ್ಚಿಟ್ಟುಕೊಂಡು ಮಧ್ಯಾಹ್ನದ ರೊಟ್ಟಿಯೊಡನೆ ಕಚ್ಚಿಕೊಳ್ಳುತ್ತಿದ್ದೆ. ನನ್ನ ಸುಧಾರಣೆ ಆ ವರ್ಷ ಆ ಪೆಟ್ಟಿಗೆಯವರೆಗೆ ಬಂದು ಮುಟ್ಟಿತ್ತು.

ಹೀಗಿರುವಾಗ ಸುಂದರಾಳ ತಂಗಿ ವೇಣುವಿಗೆ ಲೋಣಾವಳಾದ ಕನ್ಯಾಶಾಲೆಯೊಂದರಿಂದ ಸಂದರ್ಶನಕ್ಕೆ ಕರೆ ಬಂತು. ವಿಜ್ಞಾನ ಕಲಿಸುವ ಕೆಲಸ. ವೇಣು ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು, ನಮ್ಮಲ್ಲಿದ್ದು ಓದಿ ಪದವಿ ಪಡೆದವಳು. ದೌಂಡದಲ್ಲಿ ರೇಲ್ವೆ ಗುಮಾಸ್ತರಾಗಿದ್ದ ಅವಳ ಮಾವನವರು, "ಓದೂದು ಮುಗೀತಲ್ಲ, ಇನ್ನ ಬಂದು ಅಡಿಗಿ ನೋಡಿಕೊಂಡು ಬಿದ್ದಿರಲಿ," ಎಂದು ಹೇಳಿಕಳಿಸಿದ್ದರು. ಕೆಲಸ ಸಿಕ್ಕರೆ ಲೋಣಾವಳಾ. ತಪ್ಪಿದರೆ ದೌಂಡದ ಅಡುಗೆಮನೆ. ರೈಲಿನಲ್ಲಿ ಹೋಗುತ್ತೇನೆಂದವಳನ್ನು ತಡೆದು ನಾನೇ ಮೋಟಾರಿನಲ್ಲಿ ಕರೆದೊಯ್ದೆ. ದಾರಿಯುದ್ದಕ್ಕೂ ಅವಳಿಗೆ ಧೈರ್ಯ ತುಂಬುವುದು ನನ್ನ ಉದ್ದೇಶವಾಗಿತ್ತು.

ಕಾಮಶೇತದ ಏರಿಗೆ ಬರುವಷ್ಟರಲ್ಲಿ ಮಳೆ ಕೊಡಗಟ್ಟಲೆ ಸುರಿಯತೊಡಗಿತು, ನನ್ನ ಮಾತು ವಿಧವೆಯರ ತಲೆ ಬೋಳಿಸುವ ಕೇಶವಪನದ ಖಂಡನೆಗೆ ಬಂದಿತ್ತು, ವೈಪರು ನಿಂತಿತು. ರಸ್ತೆ ಕಾಣದಾಯಿತು.

"ಭಾವ, ಮಾತು ನಿಲ್ಲಸ್ರಿ. ಆಕ್ಸಲರೇಟರ್ ಮ್ಯಾಲಿನ ಕಾಲು ಒಂದೀಟು ಸಡಲ ಬಿಡ್ರಿ," ಎಂದಳು ವೇಣು.

ಬಿಟ್ಟೆ. ವೈಪರು ಥಟ್ಟನೆ ಆಡಿತು.

"ಈಗ ಒತ್ತರಿ."

ಒತ್ತಿದೆ. ನಿಂತಿತು.

"ಇದರಾಗ ಕೆಟ್ಟದ್ದು ಏನೂ ಇಲ್ಲ. ಎಂಜಿನ್ನು ಗಾಳಿ ಎಳಕೋತದಲ್ಲ, ಆ ಎಳೆತದ ಮ್ಯಾಲೆನ ಈ ಕಡ್ಡಿ ಆಡತದ. ನೀವು ಕಾಲು ಒತ್ತಿದಷ್ಟು ಎಳೆತ ಕಮ್ಮಿ. ಅದಕ್ಕ ಏರಿನ್ಯಾಗ ನಿಂದರತದ. ತಳೇಗಾಂವದಾಗೂ ಒಮ್ಮೆ ನಿಂತಿತ್ತು, ನೋಡಿದ್ರೇನು?"

"ಅಲ್ಲಿ ಏರು ಇರಲಿಲ್ಲವಲ್ಲ?"

"ಏರಿಲ್ಲ ಖರೆ. ವರದಕ್ಷಿಣೆ ವಿಷಯ ಬಂದಿತ್ತು. ಸಿಟ್ಟು ಬಂದ್ರ ನೀವು ಕಾಲು ಒತ್ತತೀರಿ."

ನಾನು ಬಂಡಿಯನ್ನು ಬದಿಗೆ ನಿಲ್ಲಿಸಿದೆ. ದೋಷವೇನೋ ಗೊತ್ತಾಯಿತು, ಆದರೆ ಕಾಲು ಒತ್ತದೆ ಏರನ್ನು ಹತ್ತುವ ಬಗೆ ಯಾವುದು? ಘಾಟಿನ ಲಾರಿಯವರು ಕೊಯ್ದ ಉಳ್ಳಾಗಡ್ಡಿಯನ್ನು ಗಾಜಿಗೆ ತಿಕ್ಕುವುದನ್ನು ನೋಡಿದ್ದೆ. ಹಾಗೆ ಮಾಡಿದರೆ ನೀರು ಹನಿಗಟ್ಟದೆ ತೆಳ್ಳಗೆ ಹರಡಿ ದಾರಿ ಕಾಣುತ್ತದೆ. ತಲೆ ತಗ್ಗಿಸಿಕೊಂಡು ಪೆಟ್ಟಿಗೆಯನ್ನು ತೆರೆದೆ. ವೇಣು ಒಳಗೆ ಇಣುಕಿ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಅಕ್ಕಗ ಹೇಳೂದಿಲ್ಲ, ಕೊಡ್ರಿಲ್ಲೆ," ಎಂದು ಕೊಯ್ದ ಗಡ್ಡಿಯ ಅರ್ಧವನ್ನು ತೆಗೆದುಕೊಂಡು ತಿಕ್ಕಲು ನಿಂತಳು. ಗಂಡ ಸತ್ತಂದಿನಿಂದ ಅವಳಿಗೆ ಉಳ್ಳಾಗಡ್ಡಿ ಮುಟ್ಟುವುದು ನಿಷಿದ್ಧವಾಗಿತ್ತು. ಈ ಅನ್ಯಾಯವನ್ನು ಹೆಸರಿಸಬೇಕೆಂದಿದ್ದೆ. ಆದರೆ ಅವಳು ತಿಕ್ಕುವ ರಭಸ ನನ್ನ ಮಾತಿಗಿಂತ ಚೆನ್ನಾಗಿತ್ತು.

ಶಾಲೆಯನ್ನು ತಲುಪಿದೆವು. ನನ್ನ ಖಾದಿಯ ಮೇಲೆ ಗ್ರೀಸಿನ ಕಲೆ, ಇಬ್ಬರ ನಾಲ್ಕೂ ಕೈಗಳಲ್ಲಿ ಉಳ್ಳಾಗಡ್ಡಿಯ ಘಾಟು. ಸಂದರ್ಶನ ನಡೆಸುತ್ತಿದ್ದವರು ಹಣೆತುಂಬ ಗಂಧ ಹಚ್ಚಿದ್ದ ವೃದ್ಧರೊಬ್ಬರು. ಅವರು ಮೂಗನ್ನು ಮೇಲೆತ್ತಿ ಮರಾಠಿಯಲ್ಲಿ, "ಕಾಂದಾ?" ಎಂದರು. ಆಷಾಢದಲ್ಲಿ, ವಿಧವೆಯ ಕೈಯಲ್ಲಿ, ಉಳ್ಳಾಗಡ್ಡಿ! ನಾನು ಎದ್ದು ನಿಂತು ಗಂಟಲನ್ನು ಸರಿಪಡಿಸಿಕೊಂಡೆ.

"ಭಾವ, ಕಾಲು ಒತ್ತಬ್ಯಾಡ್ರಿ," ಎಂದು ವೇಣು ಕನ್ನಡದಲ್ಲಿ ಮೆಲ್ಲಗೆ ಹೇಳಿದಳು. ಆಮೇಲೆ ಅವರ ಕಡೆಗೆ ತಿರುಗಿ, ನಾನು ಮೋಟಾರು ನಡೆಸಿಕೊಂಡು ಬಂದವನೆಂದು ಮರಾಠಿಯಲ್ಲಿ ತಿಳಿಸಿ, ವೈಪರು ಏರಿನಲ್ಲಿ ನಿಂತ ಕಥೆಯನ್ನು ಆರಂಭಿಸಿದಳು. ವೃದ್ಧರು ಮೂಗನ್ನು ಇಳಿಸಿದರು. ತಮ್ಮ ಮೋಟಾರೂ ಖಂಡಾಳಾದ ಘಾಟಿನಲ್ಲಿ ಇದನ್ನೇ ಮಾಡುತ್ತದೆಂದು ಉದ್ಗರಿಸಿ, ಖಡು ಕೊಟ್ಟು ಅವಳನ್ನು ಹಲಗೆಯ ಮುಂದೆ ನಿಲ್ಲಿಸಿದರು. ನನ್ನನ್ನು ನೋಡಿ, "ಡ್ರೈವರ್, ನೀನು ಹಿಂದೆ ಹೋಗಿ ಚಹಾ ಕುಡಿ," ಎಂದರು.

ಹಿತ್ತಲ ಪಡಸಾಲೆಯಲ್ಲಿ ಗೋಡೆಯ ಗೂಡಿನಲ್ಲಿ ಕಿವಿ ಮುರಿದ ಚಹಾದ ಕಪ್ಪೊಂದು ಬೋರಲು ಬಿದ್ದಿತ್ತು. ಅಡುಗೆಯವನು ಅದನ್ನು ತೋರಿಸಿದ, ನಾನು ಹಿಡಿದೆ. ಅವನು ತಾಗದಂತೆ ಮೇಲಿನಿಂದ ಚಹಾ ಸುರಿದು, ಕುಡಿದ ಮೇಲೆ ತೊಳೆದು ಅಲ್ಲೇ ಇಡುವಂತೆ ಹೇಳಿದ. ಈ ಪ್ರತ್ಯೇಕ ಕಪ್ಪಿನ ವಿರುದ್ಧ ನಾನು ಎಷ್ಟೋ ವೇದಿಕೆಗಳಿಂದ ಗುಡುಗಿದ್ದೇನೆ, ಅದರಲ್ಲಿ ಕುಡಿದಿರಲಿಲ್ಲ. ಅನ್ಯಾಯ ನನ್ನ ಅಂಗೈಯಲ್ಲೇ ಬಿಸಿಯಾಗಿ ಕೂತಿತ್ತು. ಒಳಗಿನಿಂದ ಖಡುವಿನ ಸದ್ದು, ವೃದ್ಧರ ಪ್ರಶ್ನೆ, ವೇಣುವಿನ ತಡವರಿಸದ ಉತ್ತರ ಕೇಳಿಬರುತ್ತಿದ್ದವು. ನಾನು ಈಗ ಬಾಯಿ ತೆರೆದರೆ ಅವಳು ದೌಂಡಕ್ಕೆ ಹೋಗಬೇಕಾಗುತ್ತಿತ್ತು. ಕುಡಿದೆ. ತೊಳೆದೆ. ಗೂಡಿನಲ್ಲಿ ಬೋರಲು ಹಾಕಿದೆ.

ವೇಣು ಹೊರಗೆ ಬಂದು, "ಸೋಮವಾರದಿಂದ ಬಾ ಅಂದಾರ್ರಿ!" ಎಂದಳು. ಕೆನ್ನೆಯ ಮೇಲೆ ಖಡುವಿನ ಪುಡಿ ಮೆತ್ತಿತ್ತು. "ಚಾ ಹೆಂಗಿತ್ತು, ಭಾವ?"

"ಶುಂಠಿ ಹಾಕಿದ್ದ. ಭಾಳ ಛಲೋ ಇತ್ತು," ಎಂದೆ. ನಿಜವನ್ನೇ ಹೇಳಿದ್ದೆ.

ಪ್ರತ್ಯೇಕ ಕಪ್ಪಿನ ವಿರುದ್ಧ ಈಗಲೂ ಭಾಷಣ ಮಾಡುತ್ತೇನೆ. ನಡುವೆ ಒಮ್ಮೊಮ್ಮೆ ನಾಲಗೆಗೆ ಆ ಶುಂಠಿಯ ರುಚಿ ಬಂದು ಮಾತು ತಡೆಯುತ್ತದೆ. ಸಭಿಕರು ಅದನ್ನು ಭಾವಾವೇಶವೆಂದು ತಿಳಿದು ಚಪ್ಪಾಳೆ ತಟ್ಟುತ್ತಾರೆ.