ಮಾವನ ಕಂಪ್ಯೂಟರ್ ಚಾಲೂ ಆದದ್ದು

ನಮ್ಮ ಸೋದರಮಾವ ಬರುತ್ತಾರೆ ಎಂದರೆ ನಾವು ಮಿಕ್ಸರನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಡುತ್ತೇವೆ. ಅದು ಕೆಟ್ಟಿದೆ ಎಂದಲ್ಲ, ಚೆನ್ನಾಗಿದೆ ಎಂದು! ಕೆಟ್ಟದ್ದನ್ನು ಬಿಚ್ಚುವವರು ಊರಿಗೆ ಬೇಕಾದಷ್ಟು ಮಂದಿ. ಕೆಡದೆ ಇರುವುದನ್ನು ಬಿಚ್ಚುವವರು ಕೊಟ್ಟೂರಿಗೆಲ್ಲ ನಮ್ಮ ಮಾವ ಒಬ್ಬರೇ. ಮೋಟಾರು ರಿವೈಂಡಿಂಗ್ ಮಾಡಿ ಬಾಳಿದವರು. ಅಂಗಡಿ ಮುಚ್ಚಿದರೂ ಪಾನಾ, ಇಕ್ಕಳಗಳ ಕಬ್ಬಿಣದ ಪೆಟ್ಟಿಗೆ ಮಾತ್ರ ಮನೆಗೆ ಬಂದು ಮಂಚದ ಕೆಳಗೆ ಕುಳಿತಿತು. ಒಮ್ಮೆ ನಮ್ಮ ಗೋಡೆ ಗಡಿಯಾರ ಬಿಚ್ಚಿ ಜೋಡಿಸಿದಾಗ ಎರಡು ಸ್ಕ್ರೂ ಉಳಿದವು. "ಕಂಪನಿಯವ್ರು ಸುಮ್ನ ಹೆಚ್ಚಿಗಿ ಹಾಕಿರ್ತಾರಲೇ" ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಮಧ್ಯಾಹ್ನ ಬೆಳಿಗ್ಗೆಯೇ ಆಗುತ್ತದೆ.

ಅಂಥವರು ಈ ಸಲ ಕಂಪ್ಯೂಟರ್ ಕಟ್ಟಲು ಹೊರಟರು! ಮೊಬೈಲಿನಲ್ಲಿ ವಿಡಿಯೋ ನೋಡಿ, ಒಂದೊಂದೇ ಬಿಡಿಭಾಗ ತರಿಸಿ.

"ಮಾವಾ, ಯಾತಕ್ಕ ಇದು?"

"ಚಾಲೂ ಆಗ್ತೈತೋ ಇಲ್ಲೋ ನೋಡಾಕ!"

ಇದಕ್ಕಿಂತ ಶುದ್ಧವಾದ ಉದ್ದೇಶ ಋಷಿಗಳಿಗಾದರೂ ಇತ್ತೇ?

ಅತ್ತೆಯದು ಒಂದೇ ಕರಾರು. "ಇದು ಚಾಲೂ ಆಗ್ಲಿಲ್ಲಂದ್ರ ಆ ಪಾನಾ ಪೆಟ್ಟಿಗಿ ಗುಜರಿಗೆ. ಸಾಕಿನ್ನ, ಆ ಕೈಲೆ ಕರೆಂಟಿನ ಕೆಲಸ ಬ್ಯಾಡ." ಮಾವ ತುಟಿಪಿಟಕ್ಕೆನ್ನದೆ ಒಪ್ಪಿದ್ದರು. ಅದೇ ನನಗೆ ಚಿಂತೆಯಾಯಿತು. ನನಗೆ ಚಿಂತೆಯಾಗಲು ಅಷ್ಟು ದೊಡ್ಡ ಕಾರಣವೂ ಬೇಕಿಲ್ಲ ಅನ್ನಿ.

ಚಾಲೂ ಮಾಡುವ ದಿನ ಹಗರಿಬೊಮ್ಮನಹಳ್ಳಿಯಿಂದ ನನ್ನನ್ನು ಕೊಟ್ಟೂರಿಗೆ ಕರೆಸಿಕೊಂಡರು. ನಾನು ರಬ್ಬರ್ ಚಪ್ಪಲಿ ಮೆಟ್ಟಿ, ಅತ್ತೆಯ ಲಟ್ಟಣಿಗೆ ಹಿಡಿದು, ಕಟ್ಟಿಗೆಯ ಸ್ಟೂಲಿನ ಮೇಲೆ ನಿಂತೆ.

"ಏನಲೇ ಅದು?"

"ಕರೆಂಟ್ ಹಿಡದ್ರ ಹೊಡದು ಬಿಡಸಾಕ, ಮಾವಾ."

"ಕರೆಂಟರ ಬಿಟ್ಟೀತು, ನಿನ್ನ ಲಟ್ಟಣಿಗಿ ಬಿಡಂಗಿಲ್ಲ. ಇಳಿ ಕೆಳಗ, ಟಾರ್ಚ್ ಹಿಡಿ!"

ಅವತ್ತು ಮಾವನ ದರ್ಬಾರು ಏನು ಹೇಳಲಿ! "ಆ ವೈರ್ ಸಿಗಸು. ಈ ಮೆಮೊರಿ ಪಟ್ಟಿ ಒತ್ತು. ನಾಜೂಕಾಗಿ ಒತ್ತಲೇ, ಹೋಳಿಗಿ ತಟ್ತೀಯೇನು?" ಇನ್ನೊಬ್ಬರಿಗೆ ಒಂದು ಸ್ಕ್ರೂ ಮುಟ್ಟಗೊಡದ ಮನುಷ್ಯ ತಾವು ಕೈಕಟ್ಟಿ ಕುಳಿತು ಎಲ್ಲವನ್ನೂ ನನ್ನಿಂದ ಮಾಡಿಸಿದರು. ವಯಸ್ಸಿಗೆ ತಕ್ಕ ಮೇಸ್ತ್ರಿಗಿರಿ ಬಂತು ಎಂದುಕೊಂಡೆ.

ಹೊಸ ಯಂತ್ರಕ್ಕೆ ಪೂಜೆಯಿಲ್ಲದೆ ಸ್ವಿಚ್ ಒತ್ತಲಾದೀತೇ? ಅತ್ತೆ ಬಂದು ಕಂಪ್ಯೂಟರ್ ಡಬ್ಬಿಗೆ ಕುಂಕುಮವಿಟ್ಟು, ಅದರ ಹಿಂದಿನ ಫ್ಯಾನಿನ ಜಾಲರಿಯನ್ನೂ ಬಿಡದೆ ವಿಭೂತಿ ಪುಡಿ ಬಳಿದರು.

ಮಾವ ಗುಂಡಿ ಒತ್ತಿದರು. ಏನೂ ಇಲ್ಲ. ಮತ್ತೆ ಒತ್ತಿದರು. ಊಹೂಂ. ನಾನು ಒತ್ತಿದ್ದ ಮೆಮೊರಿ ಪಟ್ಟಿಯನ್ನೇ ಕೀಳಿಸಿ, ಅದರ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿಸಿ ಕೂಡಿಸಿದರು. ಇಲ್ಲ! ಅತ್ತೆಯ ಕಣ್ಣು ಮಂಚದ ಕೆಳಗೆ ಹೋಯಿತು. ಮಾವನ ಮುಖ ಇಷ್ಟಾಯಿತು.

"ಅಲ್ಲರಿ," ಎಂದರು ಅತ್ತೆ ಮೇಲೆ ನೋಡುತ್ತ, "ಮ್ಯಾಲಿನ ಫ್ಯಾನೂ ನಿಂತೈತಲ್ಲ?"

ವೈರ್ ಮುಟ್ಟುವ ಮುಂಚೆ ಸದ್ದಿಲ್ಲದೆ ಹೋಗಿ ಮೇನ್ ಸ್ವಿಚ್ ಇಳಿಸಿ ಬಂದ ಮಹಾನುಭಾವ ನಾನೇ! ಓಡಿಹೋಗಿ ಏರಿಸಿ ಬಂದೆ. ಮಾವ ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಲೇ ಗುಂಡಿ ಒತ್ತಿದರು.

ಬೀಪ್! ಪರದೆಯ ಮೇಲೆ ಬಿಳಿ ಅಕ್ಷರ ಮೂಡಿದವು. ಡಬ್ಬಿಯ ಹಿಂದೆ ಟಾರ್ಚ್ ಹಿಡಿದು ಬಗ್ಗಿದ್ದ ನನ್ನ ಮುಖಕ್ಕೆ ಫ್ಯಾನು ಭರ್ರೆಂದು ವಿಭೂತಿಯನ್ನೆಲ್ಲ ತೂರಿತು. "ಚಾಲೂ ಆತಲೇ ಅಳಿಯಾ!" ಎಂದು ಮಾವ ಕೂಗಿದರು. ನಾನು ಕಣ್ಣು ಮುಚ್ಚಿ ಮಠದ ಸ್ವಾಮಿಯಂತೆ ಕುಳಿತಿದ್ದೆ. ಅತ್ತೆ ಕೈಮುಗಿದರಂತೆ. ಕಂಪ್ಯೂಟರಿಗೋ, ನನಗೋ!

ಚಹಾ ಬಂತು. ಮಾವ ಲೋಟ ಎತ್ತಿದರು. ಅದು ಗಡಗಡ ನಡುಗಿ ಚಹಾ ಪಂಚೆಯ ಮೇಲೆ ಚೆಲ್ಲಿತು. ಹಿಡಿಯಲು ಇನ್ನೊಂದು ಕೈ ತಂದರು. ಅದೂ ನಡುಗುತ್ತಿತ್ತು. ಅವರು ಕೈಕಟ್ಟಿ ಕುಳಿತದ್ದೇಕೆಂದು ಆಗ ತಿಳಿಯಿತು.

"ದೊಡ್ಡ ಸ್ಕ್ರೂ ಎಲ್ಲಾ ನಾನ ಹಾಕೀನಿ," ಎಂದರು ಮೆಲ್ಲಗೆ. "ಸಣ್ಣವಕ್ಕ ಅಷ್ಟ ನಿನ್ನ ಕರದೆ."

ಅತ್ತೆ ಬಗ್ಗಿ ಪಾನಾ ಪೆಟ್ಟಿಗೆಯನ್ನು ಎಳೆದು, ಸೆರಗಿನಿಂದ ಒರೆಸಿ, ಉಳಿದ ಕುಂಕುಮವನ್ನು ಅದಕ್ಕೆ ಹಚ್ಚಿ ಮತ್ತೆ ಮಂಚದ ಕೆಳಗೆ ಸರಿಸಿದರು.

ಹೊರಡುವಾಗ ನಾನು, "ಮಾವಾ, ನಮ್ಮನಿ ಮಿಕ್ಸರ್ ಯಾಕೋ ಸರಿಯಿಲ್ಲ. ಒಮ್ಮಿ ಬಂದು ಬಿಚ್ಚಿ ನೋಡ್ರಿ" ಎಂದೆ.

"ಟಾರ್ಚ್ ನೀನ ಹಿಡೀಬೇಕು ಮತ್ತ."

"ಹಿಡೀತೀನ್ರಿ."

ಬಸ್ಸಿನಲ್ಲಿ ಕುಳಿತ ಮೇಲೆ ಹೊಸ ಚಿಂತೆ ಹತ್ತಿತು. ಮಿಕ್ಸರ್ ಗಟ್ಟಿಮುಟ್ಟಾಗಿದೆ. ಮಾವ ಬರುವುದರೊಳಗೆ ಅದನ್ನು ಕೆಡಿಸುವುದು ಹೇಗೆ?